ಬಂಗಲೆಯಿಂದ ಇಳಿದು ಬಂದ ವಿಸಿಆರ್

ಆ ಭಾನುವಾರ ನಾನು ಮಾಡಿದ ಕೆಲಸಗಳು ಒಂದೊಂದೂ ನೆನಪಿವೆ. ಎದ್ದ ಕೂಡಲೇ ಕೋಳಿಗಳನ್ನು ಗೂಡಿನಿಂದ ಬಿಟ್ಟೆ. ಬಚ್ಚಲ ಒಲೆಗೆ ಎರಡು ಕಾಫಿ ಬೊಡ್ಡೆ ತುರುಕಿ, ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಊದಿದೆ. ಅಂಗಳದಲ್ಲಿ ಹರಡಿದ್ದ ಹಿತ್ತಲ ಗಿಡಗಳ ಕಾಫಿ ಹಣ್ಣನ್ನು ಕಾಲಿನಿಂದ ಗೆರೆ ಎಳೆದ ಹಾಗೆ ಹೊರಳಿಸಿದೆ. ಅಮ್ಮ ಕಡುಬಿಗೆ ಹಿಟ್ಟು ಕಾಯಿಸುವಾಗ ಪಕ್ಕದಲ್ಲಿ ಕೂತು ಕಾಯಿ ತುರಿದೆ. ಹಿಂದಿನ ದಿನ ಒಣಗಿದ ಬಟ್ಟೆ ಮಡಚಿದೆ. ದೇವರ ಗೂಡಿನಿಂದ ನಮ್ಮನೆಯಲ್ಲಿದ್ದ ಎರಡೇ ಎರಡು ಬೆಳ್ಳಿ ಸಾಮಾನು, ಒಂದು ತಟ್ಟೆ ಮತ್ತು ಒಂದು ಕುಂಕುಮದ ಭರಣಿ, ತೆಗೆದು ವಿಭೂತಿ ಹಾಕಿ ತಿಕ್ಕಿದೆ. ಇವಿಷ್ಟೂ ಅಮ್ಮ ಹೇಳಿ ಮಾಡಿಸಿದ ಕೆಲಸಗಳು. ಯಾರೂ ಹೇಳದ ಇನ್ನೊಂದು ಕೆಲಸವನ್ನೂ ಆ ಬೆಳಿಗ್ಗೆ ನಾನಾಗಿಯೇ ಮಾಡಿದೆ. ಅದಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ಅದರಿಂದ ನನ್ನ ಚಿಕ್ಕಪ್ಪನ ಬದುಕು ಬೇರೆ ದಾರಿ ಹಿಡಿಯಿತು. ಆಗ ನನಗೆ ಹತ್ತು ವರ್ಷ.

ನಾವಿದ್ದದ್ದು ಕಳಸದ ಕಡೆಯ ಒಂದು ಎಸ್ಟೇಟಿನಲ್ಲಿ, ರೈಟರ್ ಮನೆಯಲ್ಲಿ. ಆಳುಗಳ ಹಾಜರಿ ಬರೆಯುವುದು, ಗೋಣಿಚೀಲ ಗೊಬ್ಬರಗಳ ಲೆಕ್ಕ ಇಡುವುದು ಅಪ್ಪನ ಕೆಲಸ. ಎಸ್ಟೇಟಿನ ಒಡೆಯರಾದ ಸಾಹುಕಾರ್ರ ಬಂಗಲೆ ಗುಡ್ಡದ ನೆತ್ತಿಯಲ್ಲಿತ್ತು, ನಮ್ಮ ಮನೆ ಅದರ ಕೆಳಗಿನ ತಿರುವಿನಲ್ಲಿ. ಮೂರೇ ಕೋಣೆ. ಮುಂದಿನ ಜಗಲಿಯಲ್ಲಿ ಅಪ್ಪನ ಮೇಜು. ಅದರ ಮೇಲೆ ಮಸಿ ಕಲೆಯಾದ ಹಾಜರಿ ಪುಸ್ತಕ ಬಿಟ್ಟರೆ ಬೇರೇನೂ ಇಡುವಂತಿರಲಿಲ್ಲ. ನಡುವಿನ ಕೋಣೆಯಲ್ಲಿ ನಾವೆಲ್ಲ ಮಲಗುತ್ತಿದ್ದೆವು, ಅಲ್ಲೇ ಒಂದು ಕಪ್ಪು ಬಿಳುಪು ಟಿವಿ, ಅಮ್ಮ ಹೆಣೆದ ಬಿಳಿ ಹೊದಿಕೆಯ ಕೆಳಗೆ. ಹಿಂದೆ ಅಡುಗೆಮನೆ. ಜಗಲಿಯ ಕೊನೆಗೆ ಹಲಗೆ ಹೊಡೆದು ಮಾಡಿದ ಒಂದು ಮೂಲೆ ಇತ್ತು. ಮೊದಲು ಅಲ್ಲಿ ಗೊಬ್ಬರದ ಚೀಲ ಇಡುತ್ತಿದ್ದರು. ನಾಗೇಂದ್ರ ಚಿಕ್ಕಪ್ಪ ಬಂದ ಮೇಲೆ ಅದು ಅವರ ಕೋಣೆಯಾಯಿತು. ಎಷ್ಟು ತೊಳೆದರೂ ಗೊಬ್ಬರದ ಘಾಟು ಹೋಗಿರಲಿಲ್ಲ. ಅದರ ಮೇಲೆ ಸ್ಪಿರಿಟ್ಟಿನ ವಾಸನೆ, ಬೆಸುಗೆ ಹಾಕಿದ ಸೀಸದ ವಾಸನೆ ಸೇರಿ, ಆ ಮೂಲೆಗೆ ಹೋದರೆ ನನಗೆ ಬೇರೆ ಊರಿಗೇ ಹೋದ ಹಾಗಾಗುತ್ತಿತ್ತು.

ಚಿಕ್ಕಪ್ಪ ಅಪ್ಪನಿಗಿಂತ ಹನ್ನೆರಡು ವರ್ಷ ಚಿಕ್ಕವರು. ಮಂಗಳೂರಿನ ಹೋಟೆಲಿನಲ್ಲಿ ಒಂದಷ್ಟು ದಿನ ಇದ್ದು ಬಂದಿದ್ದರು, ಬಾಳೆಹೊನ್ನೂರಿನಲ್ಲಿ ಸೈಕಲ್ ಅಂಗಡಿ ಹಾಕಿ ಮುಚ್ಚಿದ್ದರು. ಅಪ್ಪ ಬೈಯುತ್ತಿರಲಿಲ್ಲ. ಊಟಕ್ಕೆ ಕೂತಾಗ ತಮ್ಮನ ಕಡೆ ನೋಡದೆ ಊಟ ಮಾಡುತ್ತಿದ್ದರು, ಅಷ್ಟೇ. ಆಮೇಲೆ ಚಿಕ್ಕಪ್ಪ ಹಾಸನಕ್ಕೆ ಹೋಗಿ ಆರು ತಿಂಗಳು ಟಿವಿ ರಿಪೇರಿ ಕಲಿತು, ಒಂದು ತಗಡಿನ ಪೆಟ್ಟಿಗೆ ತುಂಬ ಸಾಮಾನು ತಂದರು. ಬಂದ ವಾರವೇ ನಮ್ಮ ಟಿವಿಗೆ ಕೈ ಹಾಕಿದರು. ಅದರಲ್ಲಿ ಅಲ್ಲಿಯವರೆಗೆ ವಾರ್ತೆ ಓದುವವರ ಮುಖ ಕಂಡದ್ದೇ ಇಲ್ಲ. ಹಿಟ್ಟು ಜರಡಿ ಹಿಡಿದ ಹಾಗೆ ಬೆಳ್ಳಗೆ ಉದುರುತ್ತಿತ್ತು, ಅದರ ಹಿಂದೆ ಯಾರೋ ಮಾತಾಡುತ್ತಿದ್ದರು. ಚಿಕ್ಕಪ್ಪ ಆಂಟೆನಾವನ್ನು ಮನೆ ಹಿಂದಿನ ಸಿಲ್ವರ್ ಮರಕ್ಕೆ ಏರಿಸಿದರು. ಮರದ ಮೇಲೆ ಅವರು, ಅಂಗಳದಲ್ಲಿ ನಾನು, ಕಿಟಕಿಯಲ್ಲಿ ಅಮ್ಮ. ಒಬ್ಬರ ಮಾತು ಇನ್ನೊಬ್ಬರಿಗೆ ದಾಟಿಸಬೇಕು.

"ಬಂತಾ?"

"ಬಂತು... ಬಂತು... ಹೋಯ್ತು!"

"ಈಗ?"

"ಈಗ ಬಂತು! ಅಲ್ಲೇ ಇರಿ ಚಿಕ್ಕಪ್ಪ!"

ಅವರು ಸರಳು ಕೈಯಲ್ಲಿ ಹಿಡಿದಿರುವಷ್ಟು ಹೊತ್ತು ಚಿತ್ರ ಕನ್ನಡಿಯ ಹಾಗೆ, ಕೈ ಬಿಟ್ಟರೆ ಹಿಟ್ಟು. ಅಮ್ಮ ಕಿಟಕಿಯಿಂದ ಕೂಗಿದಳು:

"ನೀನು ಹಿಡ್ಕಂಡ್ರೇ ಬರೋದು ಮಾರಾಯ. ವಾರ್ತೆ ಮುಗಿಯೋ ತನಕ ಅಲ್ಲೇ ಕೂತಿರು, ಕಾಫಿ ಬೇಕಾದ್ರೆ ಕೊಕ್ಕೆಗೆ ಕಟ್ಟಿ ಕಳಿಸ್ತೀನಿ!"

ಚಿಕ್ಕಪ್ಪ ಮರದ ಮೇಲೇ ನಕ್ಕರು. ಕೆಂಜಿಗ ಇರುವೆ ಕಚ್ಚಿದ ಕತ್ತು ತುರಿಸಿಕೊಳ್ಳುತ್ತ ಸಂಜೆಯವರೆಗೆ ಅಲ್ಲೇ ಇದ್ದು, ಸರಳಿಗೆ ಇನ್ನೊಂದು ತಂತಿ ಬಿಗಿದು, ಕೊನೆಗೂ ಚಿತ್ರ ನಿಲ್ಲಿಸಿ ಇಳಿದರು. ಆ ದಿನ ಅಪ್ಪ ಊಟಕ್ಕೆ ಕೂತಾಗ ತಮ್ಮನ ಕಡೆ ನೋಡಿ, "ಸಾರು ಹಾಕ್ಕ" ಅಂದರು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ನನ್ನನ್ನು ಮೊಣಕೈಯಲ್ಲಿ ತಿವಿದಳು.

ಬಂಗಲೆಯ ವಿಸಿಆರ್ ಕೆಟ್ಟದ್ದು ಇದಾದ ಒಂದೆರಡು ತಿಂಗಳಿಗೆ. ಸಾಹುಕಾರ್ರ ಮಗಳ ಮದುವೆ ಆಗಿತ್ತು. ಭಾನುವಾರ ಅಳಿಯ ಮತ್ತು ಮಲ್ಲಂದೂರು ಕಡೆಯ ಬೀಗರು ಮೊದಲ ಸಲ ಊಟಕ್ಕೆ ಬರುವವರಿದ್ದರು. ಎಲ್ಲರಿಗೂ ಮದುವೆ ಕ್ಯಾಸೆಟ್ ತೋರಿಸಬೇಕೆಂದು ಸಾಹುಕಾರ್ರ ಹೆಂಡತಿ ಅಮ್ಮಾವ್ರ ಆಸೆ. ಆದರೆ ಹಾಕಿದರೆ ಚಿತ್ರದ ಮೇಲೆ ಅಡ್ಡಡ್ಡ ಗೆರೆ, ಕೆಳಗೆ ಒಂದು ಗೇಣು ಬರೀ ನಡುಕ. ಚಿಕ್ಕಮಗಳೂರಿಗೆ ಕಳಿಸಿದರೆ ಹದಿನೈದು ದಿನ ಇಟ್ಟುಕೊಳ್ಳುತ್ತಾರೆ. ಅಪ್ಪ ತಮ್ಮ ಜೀವಮಾನದಲ್ಲಿ ಬಂಗಲೆಯ ಮೆಟ್ಟಿಲಲ್ಲಿ ನಿಂತು ಯಾರೂ ಕೇಳದೆ ಒಂದು ಮಾತು ಆಡಿದವರಲ್ಲ. ಆ ಗುರುವಾರ ಆಡಿಬಿಟ್ಟರು: "ನನ್ನ ತಮ್ಮ ಕಲ್ತಿದಾನೆ, ನೋಡ್ಬೋದು." ಸಾಹುಕಾರ್ರು ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ಇದನ್ನು ಸರಿ ಮಾಡಿದರೆ ಮೂಡಿಗೆರೆ ಬಸ್‌ಸ್ಟ್ಯಾಂಡಿನ ಎದುರಿನ ತಮ್ಮ ಮಳಿಗೆಗಳಲ್ಲಿ ಒಂದನ್ನು ಅವನಿಗೇ ಬಿಡುತ್ತೇನೆ, ಸುತ್ತಲಿನ ಎಸ್ಟೇಟಿನವರ ಟಿವಿಗಳೆಲ್ಲ ಅವನ ಹತ್ತಿರ ಬರುವ ಹಾಗೆ ನಾನೇ ಹೇಳುತ್ತೇನೆ ಎಂದರಂತೆ.

ಅಪ್ಪ ಈ ಸುದ್ದಿಯನ್ನು ಮನೆಯಲ್ಲಿ ಹೇಳುವಾಗ ಮೇಜಿನ ಅಂಚನ್ನು ಹಿಡಿದುಕೊಂಡಿದ್ದರು. ಚಿಕ್ಕಪ್ಪ ತಮ್ಮ ಮೂಲೆಗೆ ಹೋದರು. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದು, ಮಂಚದ ಕೆಳಗಿನಿಂದ ಒಂದು ತಗಡಿನ ಹಲಗೆ ಎಳೆದು ತೋರಿಸಿದರು. ನೀಲಿ ಬಣ್ಣದ ಮೇಲೆ ಹಳದಿ ಅಕ್ಷರ: 'ನಾಗೇಂದ್ರ ಟಿವಿ ವಿಸಿಆರ್ ರಿಪೇರಿ'. ಹಾಸನದಲ್ಲಿದ್ದಾಗಲೇ ಬರೆಸಿಟ್ಟದ್ದು.

"ಯಾರಿಗೂ ಹೇಳ್ಬೇಡ. ಅತ್ತಿಗೆ ನೋಡಿದ್ರೆ ನಗ್ತಾರೆ" ಅಂದರು.

ವಿಸಿಆರ್ ಕಂಬಳಿಯಲ್ಲಿ ಸುತ್ತಿಸಿಕೊಂಡು ಜೀಪಿನಲ್ಲಿ ಇಳಿದು ಬಂತು. ಎರಡು ದಿನ ನಮ್ಮ ನಡುವಿನ ಕೋಣೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮುಚ್ಚಳ ಬಿಚ್ಚಿಟ್ಟಾಗ ಅದರ ಹೊಟ್ಟೆಯಲ್ಲಿ ನಾನು ಕಂಡದ್ದು ಒಂದು ಪುಟ್ಟ ಉರುಟು ಡಬ್ಬಿ, ಸ್ವಲ್ಪ ಓರೆಯಾಗಿ ಕೂತದ್ದು, ಬೆಳ್ಳಿಯ ಹಾಗೆ ಹೊಳೆಯುವಂಥದ್ದು. ನಮ್ಮ ಕುಂಕುಮದ ಭರಣಿಯ ಅಣ್ಣನೋ ತಮ್ಮನೋ ಅನ್ನಬೇಕು.

"ಇದಕ್ಕೆ ಹೆಡ್ ಅಂತಾರೆ. ಟೇಪು ಇದಕ್ಕೆ ಸುತ್ಕಂಡು ಹೋಗ್ತದೆ. ಇಲ್ಲಿ ಕೊಳೆ ಕೂತ್ರೆ ಚಿತ್ರನೂ ಕೊಳೆ" ಎಂದು ಚಿಕ್ಕಪ್ಪ ತೋರಿಸಿದರು. ಬಿಳಿ ಬಟ್ಟೆಗೆ ಸ್ಪಿರಿಟ್ ಹಚ್ಚಿ, ಬಟ್ಟೆಯನ್ನು ಅಲ್ಲಾಡಿಸದೆ ಹಾಗೇ ಒತ್ತಿ ಹಿಡಿದು, ಇನ್ನೊಂದು ಕೈಯ ಬೆರಳಲ್ಲಿ ಆ ಉರುಟನ್ನು ಮೆಲ್ಲಗೆ ತಿರುಗಿಸುತ್ತಿದ್ದರು. ಮಗುವಿನ ಕಿವಿ ಒರೆಸುವಷ್ಟು ಜಾಗ್ರತೆ. ಬಟ್ಟೆಯ ಮೇಲೆ ಕಂದು ಗೆರೆ ಬಂದರೆ ಅದನ್ನು ಎಸೆದು ಇನ್ನೊಂದು ತುಂಡು. ಶನಿವಾರ ಸಂಜೆ ಕ್ಯಾಸೆಟ್ ಹಾಕಿದಾಗ ನಮ್ಮ ಕಪ್ಪು ಬಿಳುಪು ಟಿವಿಯಲ್ಲಿ ಸಾಹುಕಾರ್ರ ಮಗಳ ಜಡೆಬಿಲ್ಲೆಯ ಕಲ್ಲು ಒಂದೊಂದೂ ಎಣಿಸುವ ಹಾಗೆ ಕಂಡಿತು. ಅಮ್ಮ ಒಲೆಯ ಮೇಲಿನ ಹಾಲು ಮರೆತು ನಿಂತಳು. ಅಪ್ಪ ಕೂಡ ಹಾಜರಿ ಪುಸ್ತಕ ಹಿಡಿದುಕೊಂಡೇ ಬಾಗಿಲವರೆಗೆ ಬಂದರು.

"ಎಂತ ಮಾರಾಯ ನಾಗೇಂದ್ರ, ಮದುವೆ ಮನೇಲಿ ಕೂತಿದ್ದಾಗ್ಲೂ ಇಷ್ಟು ಚೆಂದ ಕಾಣ್ಲಿಲ್ಲ ನಂಗೆ" ಎಂದಳು ಅಮ್ಮ. "ನಾವು ಕೂತಿದ್ದು ಕಂಬದ ಹಿಂದೆ ಅಲ್ವಾ!"

ಮಾರನೇ ಬೆಳಿಗ್ಗೆ ಚಿಕ್ಕಪ್ಪ ಕೊನೆಯದಾಗಿ ಒಮ್ಮೆ ಸ್ಪಿರಿಟ್ ಹಚ್ಚಿ ಒರೆಸಿ, ಅಪ್ಪನನ್ನು ಕರೆದು ಒಂದು ನಿಮಿಷ ಕ್ಯಾಸೆಟ್ ಹಾಕಿ ತೋರಿಸಿ, ಮುಚ್ಚಳ ಹಾಕದೆ ಹಾಗೇ ಬಿಟ್ಟು ಸ್ನಾನಕ್ಕೆ ಹೋದರು. ಅಪ್ಪ ಗೋಡೌನಿನ ಕಡೆ ಹೋದರು. ಅಮ್ಮ ಅಡುಗೆಮನೆಯಲ್ಲಿ. ಮದುವೆಯಾದ ಹುಡುಗಿ ಮೊದಲ ಸಲ ಬಂದಿರುವುದರಿಂದ ಬಂಗಲೆಗೆ ಬೆಳ್ಳಿ ತಟ್ಟೆಯಲ್ಲಿ ತಾಂಬೂಲ ಒಯ್ಯಬೇಕೆಂದು ಅವಳ ಲೆಕ್ಕಾಚಾರ. ನಾನು ಆ ಬೆಳ್ಳಿ ತಿಕ್ಕುತ್ತ ನಡುವಿನ ಕೋಣೆಯ ಹೊಸ್ತಿಲಲ್ಲಿ ಕೂತಿದ್ದೆ. ಭರಣಿ ತಿಕ್ಕಿ ಮುಗಿದಾಗ ಅದರಲ್ಲಿ ನನ್ನ ಮೂಗು ಕಾಣುತ್ತಿತ್ತು. ತಲೆಯೆತ್ತಿ ನೋಡಿದರೆ ವಿಸಿಆರಿನ ಹೆಡ್. ಭರಣಿಯ ಪಕ್ಕದಲ್ಲಿ ಅದು ಮಂಕಾಗಿ ಕಂಡಿತು. ಮೈಮೇಲೆ ಕೂದಲೆಳೆಯಂಥ ಗೆರೆಗಳಿದ್ದವು. ಅವು ಕೊಳೆಯೆಂದೇ ನನಗೆ ಅನಿಸಿತು. ಚಿಕ್ಕಪ್ಪ ಎರಡು ದಿನ ಮಾಡಿದ ಕೆಲಸದಲ್ಲಿ ಕೊನೆಯ ಸ್ವಲ್ಪ ಉಳಿದಿದೆ, ಅದನ್ನು ನಾನು ಮಾಡಿಬಿಟ್ಟರೆ ಬಂಗಲೆಯಲ್ಲಿ ಎಲ್ಲರೆದುರು 'ಪುಟ್ಟೀನೂ ಕೈ ಹಾಕಿದಾಳೆ' ಎಂದು ಅವರು ಹೇಳುತ್ತಾರೆ. ನಾನು ಯೋಚಿಸಿದ್ದು ಇದೇ. ಒದ್ದೆ ಬಟ್ಟೆಗೆ ಎರಡು ಚಿಟಿಕೆ ವಿಭೂತಿ ಹಚ್ಚಿ, ಭರಣಿಯನ್ನು ತಿಕ್ಕಿದ ಹಾಗೆಯೇ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಚೆನ್ನಾಗಿ ಉಜ್ಜಿದೆ. ಬೆರಳಿಗೆ ಒಂದು ಕಡೆ ಏನೋ ಚುಚ್ಚಿದ ಹಾಗಾಯಿತು. ಆಮೇಲೆ ಲಂಗದ ಅಂಚಿನಿಂದ ಬೂದಿಯ ಗುರುತಿಲ್ಲದಂತೆ ಒರೆಸಿದೆ. ಅದು ಹೊಳೆಯಿತು. ನಿಜಕ್ಕೂ ಭರಣಿಗಿಂತ ಚೆನ್ನಾಗಿ ಹೊಳೆಯಿತು.

ಚಿಕ್ಕಪ್ಪ ತಲೆ ಒರೆಸಿಕೊಳ್ಳುತ್ತ ಬರುವುದಕ್ಕೂ ಬಂಗಲೆಯ ಜೀಪು ಹಾರ್ನ್ ಹಾಕುವುದಕ್ಕೂ ಸರಿಹೋಯಿತು. ಅವರು ಅವಸರದಲ್ಲಿ ಮುಚ್ಚಳ ಕೂರಿಸಿ ಸ್ಕ್ರೂ ತಿರುಗಿಸಿದರು. ಒಳಗೆ ನೋಡಲಿಲ್ಲ. ನಾನೂ ಹೇಳಲಿಲ್ಲ, ಬಂಗಲೆಯಲ್ಲಿ ಎಲ್ಲರೂ ಚಿತ್ರ ನೋಡಿ ಬೆರಗಾದ ಮೇಲೆ ಹೇಳಬೇಕೆಂದಿದ್ದೆ.

ಬಂಗಲೆಯ ದೊಡ್ಡ ಹಾಲ್‌ನಲ್ಲಿ ಊಟ ಮುಗಿದು ಎಲೆಯಡಿಕೆ ನಡೆದಿತ್ತು. ಸೋಫಾದಲ್ಲಿ ಬೀಗರು, ಕುರ್ಚಿಗಳಲ್ಲಿ ಗಂಡಸರು, ಜಮಖಾನೆಯ ಮೇಲೆ ಹೆಂಗಸರು ಮಕ್ಕಳು. ಅಪ್ಪ ಬಾಗಿಲ ಪಕ್ಕ ಗೋಡೆಗೆ ತಾಗದಂತೆ ನಿಂತಿದ್ದರು. ಅಮ್ಮ ತಾಂಬೂಲ ಕೊಟ್ಟು ಹೆಂಗಸರ ಹಿಂದೆ ಕೂತಳು, ನಾನು ಅವಳ ಪಕ್ಕ. ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಕ್ಯಾಸೆಟ್ ಒಳಗೆ ಹೋಯಿತು. ನಾದಸ್ವರ ಕೇಳಿತು. ಚಿತ್ರ ಬರಲಿಲ್ಲ. ದೊಡ್ಡ ಬಣ್ಣದ ಟಿವಿಯ ತುಂಬ ಬೆಳ್ಳಗೆ ಕುದಿಯುತ್ತಿತ್ತು. ಅದರ ಹಿಂದೆ ಯಾರದೋ ನೆರಳು ಯಾರಿಗೋ ಹಾರ ಹಾಕುತ್ತಿತ್ತು.

"ನಮ್ಮ ಮದುವೆ ದಿನ ಇಷ್ಟು ಮಂಜು ಬಿದ್ದಿರ್ಲಿಲ್ವಲ್ಲ" ಎಂದ ಅಳಿಯ.

ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ, ಹೊಟ್ಟೆ ತುಂಬಿದವರ ನಗೆ. ಚಿಕ್ಕಪ್ಪನೂ ನಕ್ಕು, ಮಂಡಿಯೂರಿ ಚಿತ್ರ ಸರಿಹೊಂದಿಸುವ ಟ್ರ್ಯಾಕಿಂಗ್ ಗುಂಡಿ ತಿರುಗಿಸಿದರು. ಕೇಬಲ್ ಕಿತ್ತು ಮತ್ತೆ ಹಾಕಿದರು. ಮುಚ್ಚಳ ಬಿಚ್ಚಿ ಸ್ಪಿರಿಟ್ ಹಚ್ಚಿದರು. ಮತ್ತೆ ಹಾಕಿದರು. ಬೆಳ್ಳಗೆ ಕುದಿಯುವುದು ನಿಲ್ಲಲಿಲ್ಲ. ಮೂರನೆಯ ಸಲ ಕ್ಯಾಸೆಟ್ ಹೊರಗೆ ಬಂದಾಗ ಟೇಪಿನ ಅಂಚು ಗೀಚಿಹೋಗಿತ್ತು. ಅಮ್ಮಾವ್ರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮೆಲ್ಲಗೆ, "ಇದೊಂದೇ ಇದ್ದದ್ದು ರೈಟ್ರೇ" ಎಂದರು. ಅವರು ಅದನ್ನು ಚಿಕ್ಕಪ್ಪನಿಗೆ ಹೇಳಲಿಲ್ಲ, ಅಪ್ಪನಿಗೆ ಹೇಳಿದರು.

ಚಿಕ್ಕಪ್ಪನ ಅಂಗಿಯ ಬೆನ್ನು ಒದ್ದೆಯಾಗಿತ್ತು. ಮಂಡಿಯ ಮೇಲೇ ಇದ್ದುಕೊಂಡು ಅವರು ತಿರುಗಿದರು.

"ಅಣ್ಣ, ಬೆಳಿಗ್ಗೆ ಸರಿ ಇತ್ತು. ನೀವೇ ನೋಡಿದ್ರಲ್ಲ. ಹೆಡ್ ನೋಡಿ, ಹೆಂಗೆ ಹೊಳೀತಿದೆ. ಚಿತ್ರ ಯಾಕೆ ಬರ್ತಿಲ್ಲ ಅಂತ ನಂಗೆ..."

"ಆಮೇಲೆ ಯಾರಾದ್ರೂ ಮುಟ್ಟಿದ್ರಾ?" ಎಂದರು ಅಪ್ಪ.

"ನಾನು ಸ್ನಾನಕ್ಕೆ ಹೋಗಿದ್ದೆ. ಪುಟ್ಟಿ ಅಲ್ಲೇ ಕೂತಿದ್ಲು." ಚಿಕ್ಕಪ್ಪ ಹೆಂಗಸರ ತಲೆಗಳ ನಡುವೆ ನನ್ನನ್ನು ಹುಡುಕಿದರು. "ಪುಟ್ಟೀ, ಯಾರಾದ್ರೂ ಮುಟ್ಟಿದ್ರೇನೇ?"

ಹಾಲ್‌ನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಅಮ್ಮಾವ್ರು, ಅಳಿಯ, ಕಾಲ ಮೇಲೆ ಕಾಲು ಹಾಕಿ ಕೂತ ಸಾಹುಕಾರ್ರು. ಅಮ್ಮನ ಕೈ ನನ್ನ ಬೆನ್ನ ಮೇಲಿತ್ತು. 'ಇಲ್ಲ' ಎಂದಿದ್ದರೆ ಅದೂ ಸುಳ್ಳೇ, ಆದರೆ ಚಿಕ್ಕ ಸುಳ್ಳು. ನಾನು ಅಷ್ಟಕ್ಕೆ ನಿಲ್ಲಿಸಲಿಲ್ಲ.

"ಇಲ್ಲ. ನೀವೇ ಸ್ನಾನ ಮಾಡಿ ಬಂದು ಇನ್ನೊಂದ್ಸಲ ಒರೆಸಿದ್ರಲ್ಲ ಚಿಕ್ಕಪ್ಪ."

ಅವರು ನನ್ನನ್ನೇ ನೋಡಿದರು. ನಾನು ಸುಳ್ಳು ಹೇಳುತ್ತೇನೆಂದು ಅವರಿಗೆ ಹೊಳೆಯಲೇ ಇಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ನಮ್ಮ ಮನೆಯಲ್ಲಿ ಮಂಚದ ಕೆಳಗಿನ ಬೋರ್ಡನ್ನು ಅವರು ತೋರಿಸಿದ್ದು ನನಗೊಬ್ಬಳಿಗೇ.

"ಒರೆಸಿದ್ನಾ?" ಎಂದರು. ತಮ್ಮ ಬಲಗೈಯನ್ನು ನೋಡಿಕೊಂಡರು. "ಹೌದಾ... ಅವಸರದಲ್ಲಿ... ಇರ್ಬೋದು."

"ಪರವಾಗಿಲ್ಲ ಬಿಡಿ ರೈಟ್ರೇ, ಚಿಕ್ಕಮಗಳೂರಿಗೇ ಕಳಿಸಾಣ" ಎಂದರು ಸಾಹುಕಾರ್ರು. ಅಷ್ಟರಲ್ಲಿ ಕಾಫಿ ಬಂತು. ನಾವು ನಾಲ್ವರೂ ಕಾಫಿ ಕುಡಿಯದೆ ಗುಡ್ಡ ಇಳಿದೆವು.

ಜಗಳ ಆಗಲಿಲ್ಲ. ಆಗಿದ್ದರೆ ನನಗೆ ಬಾಯಿ ಬಿಡಲು ಒಂದು ಸಂದು ಸಿಗುತ್ತಿತ್ತೋ ಏನೋ. ಅಪ್ಪ ಮತ್ತೆ ತಟ್ಟೆ ನೋಡಿಕೊಂಡು ಊಟ ಮಾಡತೊಡಗಿದರು. ವಾರದ ಮೇಲೆ ಜೀಪಿನ ಡ್ರೈವರ್ ಬಂದು, ಚಿಕ್ಕಮಗಳೂರಿನ ಮೆಕ್ಯಾನಿಕ್ ಮುಚ್ಚಳ ತೆಗೆದವನೇ, "ಇದನ್ನ ಯಾವ ಪುಣ್ಯಾತ್ಮ ಉಜ್ಜಿ ಹಾಕಿದ್ದು?" ಎಂದು ಕೇಳಿದನಂತೆ ಎಂದು ಹೇಳಿಹೋದ. ಹೆಡ್ ಪೂರಾ ಬದಲಾಯಿಸಬೇಕಂತೆ. ಚಿಕ್ಕಪ್ಪ ಜಗಲಿಯ ಮೂಲೆಯಲ್ಲೇ ಇದ್ದರು, ಕೇಳಿಸಿಕೊಂಡರು. ಮಳಿಗೆಯ ಮಾತು ಬಂಗಲೆಯಿಂದ ಮತ್ತೆ ಬರಲಿಲ್ಲ. ಅಪ್ಪ ಕೇಳಲೂ ಇಲ್ಲ. ಅಮ್ಮ ಒಳ್ಳೆಯವಳೇ, ಆದರೆ ಬಾಯಿ ಸುಮ್ಮನಿರುತ್ತಿರಲಿಲ್ಲ. ಒಂದು ದಿನ ಅಕ್ಕಿ ಆರಿಸುತ್ತ ನನಗೆ ಹೇಳಿದಳು:

"ಕೈಗುಣ ಅಂತ ಒಂದಿರ್ತದೆ ಕಣೇ. ಕೆಲವ್ರು ನೆಟ್ಟ ಗಿಡ ಹಿಡಿಯಲ್ಲ, ಕೆಲವ್ರು ಕಟ್ಟಿದ ದನ ಹಾಲು ಕೊಡಲ್ಲ. ಪಾಪ, ಇವನ ಕೈಗೆ ಎಂತದೂ ಹತ್ತಲ್ಲ."

ಹಲಗೆಯ ಆಚೆ ಚಿಕ್ಕಪ್ಪ ಇದ್ದರು. ಸ್ಕ್ರೂಡ್ರೈವರ್ ಪೆಟ್ಟಿಗೆಯಲ್ಲಿ ಇಟ್ಟ ಸದ್ದು ನನಗೆ ಕೇಳಿಸಿತು. ನಾನು ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದೆ, ಹುಡುಕುತ್ತಲೇ ಇದ್ದೆ.

ಯುಗಾದಿಯ ಹೊತ್ತಿಗೆ ಅವರು ಹೊರನಾಡಿಗೆ ಹೋದರು. ಅಲ್ಲಿ ಯಾತ್ರಿಕರು ಇಳಿದುಕೊಳ್ಳುವ ಒಂದು ವಸತಿಗೃಹದಲ್ಲಿ ಕೆಲಸ: ರೂಮಿನ ಬೀಗದ ಕೈ ಕೊಡುವುದು, ಚಾಪೆ ಹೊದಿಕೆ ಕೊಡುವುದು, ಬಿಸಿನೀರು ಎಷ್ಟು ಹೊತ್ತಿಗೆ ಎಂದು ಹೇಳುವುದು. ಮೂವತ್ತು ವರ್ಷಕ್ಕೂ ಮೇಲೆ ಅದನ್ನೇ ಮಾಡಿದರು. ಹೋಗುವಾಗ ಪೆಟ್ಟಿಗೆಯನ್ನು ಮೂಲೆಯಲ್ಲೇ ಬಿಟ್ಟರು. ಬೋರ್ಡು ಅಮ್ಮ ಗುಡಿಸುವಾಗ ಕಣ್ಣಿಗೆ ಬಿತ್ತು, ಅವಳು ನಗಲಿಲ್ಲ. ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನಿಂತಿದ್ದು, ತಗಡು ಗಟ್ಟಿ ಇದೆ, ಹಾಳಾಗುವುದು ಬೇಡ ಎಂದು ಕೋಳಿ ಗೂಡಿಗೆ ಬಾಗಿಲು ಮಾಡಿಸಿದಳು. ಅಕ್ಷರ ಒಳಗಡೆಗೆ ಬರುವ ಹಾಗೆ ಹೊಡೆಸಿದ್ದಳು. ದಿನಾ ಬೆಳಿಗ್ಗೆ ಆ ಬಾಗಿಲು ತೆಗೆಯುವ ಕೆಲಸ ನನ್ನದೇ. ತೆಗೆದಾಗ ಹಳದಿ ಅಕ್ಷರ ನನ್ನ ಕಡೆ ತಿರುಗುತ್ತಿದ್ದವು. ನಾನು ಹೈಸ್ಕೂಲು ಮುಗಿಸುವವರೆಗೂ ಅದು ಅಲ್ಲೇ ಇತ್ತು.

ನಾನು ಮಾಡಿದ್ದು ಏನೆಂದು ಪೂರ್ತಿ ತಿಳಿದದ್ದು ಮದುವೆಯಾಗಿ ಮೂಡಿಗೆರೆಗೆ ಬಂದ ಮೇಲೆ. ನಮ್ಮನೆಯ ವಿಸಿಆರ್ ಮಂಕಾದಾಗ ರಿಪೇರಿಗೆ ಬಂದವರು ಬಟ್ಟೆ ಒತ್ತಿ ಹಿಡಿದು ಉರುಟನ್ನು ತಿರುಗಿಸುತ್ತ, "ಇದರ ತುದಿ ಕೂದಲಿಗಿಂತ ಸಣ್ಣ ಇರ್ತದೆ ಅಮ್ಮ. ಮೇಲೆ ಕೆಳಗೆ ಉಜ್ಜಿದ್ರೆ ಮುರಿದೇ ಹೋಗ್ತದೆ" ಎಂದರು. ನನ್ನ ಬೆರಳಿಗೆ ಅಂದು ಚುಚ್ಚಿದ್ದು ಏನೆಂದು ಆಗ ಗೊತ್ತಾಯಿತು. ಆ ದಿನವೇ ಹೊರನಾಡಿಗೆ ಹೋಗಿ ಹೇಳಬಹುದಿತ್ತು. ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಹೋಗಲಿಲ್ಲ. ಬದಲಿಗೆ ಚಿಕ್ಕಪ್ಪನಿಗೊಂದು ಸ್ವೆಟರ್ ಹೆಣೆದೆ. ಮರುವರ್ಷ ಇನ್ನೊಂದು. ಜೇನು, ಮಿಡಿ ಉಪ್ಪಿನಕಾಯಿ, ಮನೆಯಲ್ಲೇ ಹುರಿದ ಕಾಫಿಪುಡಿ, ಹೋಗುವವರು ಯಾರು ಸಿಕ್ಕರೂ ಕೊಟ್ಟು ಕಳಿಸುತ್ತಿದ್ದೆ. "ನಿಮ್ಮಪ್ಪನಿಗೂ ಇಷ್ಟು ಮಾಡ್ಲಿಲ್ಲ ನೀನು" ಎನ್ನುತ್ತಿದ್ದರು ನನ್ನ ಗಂಡ. ನಂಟರಲ್ಲೆಲ್ಲ ನನಗೆ ಒಳ್ಳೆಯ ಹೆಸರು ಬಂತು. ಅದೂ ಸೇರಿ ಈಗ ಹೇಳುವುದು ಇನ್ನಷ್ಟು ಕಷ್ಟವಾಯಿತು. ಒಮ್ಮೆ ಅಲ್ಲಿಗೆ ಹೋಗಿದ್ದಾಗ ನೋಡಿದೆ: ಯಾವುದೋ ರೂಮಿನವರು ಬಂದು ಟಿವಿಯಲ್ಲಿ ಚಿತ್ರ ಸರಿ ಇಲ್ಲ, ಸ್ವಲ್ಪ ನೋಡಿ ಎಂದರು. ಕೇಬಲ್ ಸಡಿಲವಾಗಿತ್ತು ಅಷ್ಟೇ, ಬಾಗಿಲಲ್ಲಿ ನಿಂತ ನನಗೇ ಕಾಣುತ್ತಿತ್ತು. ಚಿಕ್ಕಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ಮೆಕ್ಯಾನಿಕ್ ಕರೆಸ್ತೀನಿ. ನಂಗೆ ಅದೆಲ್ಲ ಬರಲ್ಲ" ಎಂದರು.

ಕಳೆದ ತಿಂಗಳು ಅವರು ಕಣ್ಣು ತೋರಿಸಲು ಮೂಡಿಗೆರೆಗೆ ಬಂದು ನಮ್ಮಲ್ಲಿ ಉಳಿದರು. ವಯಸ್ಸು ಎಪ್ಪತ್ತು ದಾಟಿದೆ. ಸಂಜೆ ನನ್ನ ಗಂಡ ವಾರ್ತೆ ಹಾಕಿದ್ದರು. ಹೊರಗೆ ಮೋಡ. ಚಿತ್ರ ಚೌಕ ಚೌಕವಾಗಿ ಒಡೆದು ನಿಂತು, ಮತ್ತೆ ಬಂದು, ಮತ್ತೆ ಒಡೆಯಿತು. ಇವರು ರಿಮೋಟನ್ನು ಅಂಗೈಗೆ ಬಡಿದುಕೊಂಡು ಸಾಕಾಗಿ, ಅಂಗಡಿಗೆ ಹೋಗಿ ಬರುತ್ತೇನೆಂದು ಎದ್ದರು. ಚಿಕ್ಕಪ್ಪ ಒಡೆದ ಚಿತ್ರವನ್ನೇ ನೋಡುತ್ತ ಕೂತಿದ್ದರು, ಕೈಗಳು ತೊಡೆಯ ಕೆಳಗೆ. ನಾನು ಟಿವಿ ಆರಿಸಿ ಅವರೆದುರು ಕೂ‍ತೆ.

"ಚಿಕ್ಕಪ್ಪ, ಅವತ್ತು ಬಂಗ್ಲೆ ವಿಸಿಆರ್ ಕೆಡಿಸಿದ್ದು ನಾನು."

"ಯಾವತ್ತು?" ಎಂದರು. ಆದರೆ ಯಾವತ್ತು ಎಂದು ಅವರಿಗೆ ಗೊತ್ತಿತ್ತು.

"ನೀವು ಸ್ನಾನಕ್ಕೆ ಹೋಗಿದ್ರಿ. ನಾನು ಹೆಡ್ಡಿಗೆ ವಿಭೂತಿ ಹಾಕಿ ತಿಕ್ಕಿದೆ. ಭರಣಿ ತಿಕ್ತಿದ್ನಲ್ಲ, ಹಂಗೇ. ಬಂಗ್ಲೇಲಿ ಕೇಳಿದಾಗ ಸುಳ್ಳು ಹೇಳಿದೆ."

ಅವರು ಹೊಟ್ಟೆ ಕುಲುಕುವ ಹಾಗೆ ನಕ್ಕರು.

"ವಿಭೂತೀನಾ! ಒಳ್ಳೆ ಕಥೆ ಕಟ್ಟಿದಿ ಮಾರಾಯ್ತಿ. ನನ್ನ ಸಮಾಧಾನಕ್ಕೆ ಹೇಳ್ತಿದಿ, ಅಲ್ವಾ?"

"ಅಲ್ಲ ಚಿಕ್ಕಪ್ಪ. ನಿಜ."

"ಎಂತ ನಿಜ? ನಂಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಸ್ನಾನ ಮಾಡಿ ಬಂದೆ. ಕೈ ಒದ್ದೆ ಇತ್ತು. ಜೀಪು ಬಂತು ಅಂತ ಗಡಿಬಿಡೀಲಿ, ಇನ್ನೊಂದ್ಸಲ ಒರೆಸಿಬಿಡಾಣ ಅಂತ ಬಟ್ಟೆ ತಗಂಡು ಗಸಗಸ ಎಳೆದೆ. ಹಂಗೆ ಎಳೀಬಾರ್ದು ಅಂತ ಹಾಸನದಲ್ಲಿ ಮೊದಲ್ನೇ ದಿನ ಹೇಳ್ಕೊಟ್ಟಿದ್ರು. ನೀನು ಹೊಸ್ತಿಲಲ್ಲಿ ಕೂತು ನೋಡ್ತಿದ್ದೆ. ಕೆಂಪು ಲಂಗ ಹಾಕಿದ್ದೆ."

ನಾನು ಕೆಂಪು ಲಂಗವನ್ನೇ ಹಾಕಿದ್ದೆ. ಬೂದಿ ಒರೆಸಿದ್ದು ಅದರ ಅಂಚಿನಿಂದಲೇ. ಆದರೆ ಅವರು ಒರೆಸಿದ್ದು ನಡೆದೇ ಇರಲಿಲ್ಲ. ಬಂಗಲೆಯ ಹಾಲ್‌ನಲ್ಲಿ ನಾನು ಆಡಿದ ಒಂದು ಮಾತಿಗೆ ಅವರು ಇಷ್ಟು ವರ್ಷ ಕೂತು ಒದ್ದೆ ಕೈ, ಬಟ್ಟೆ, ಗಡಿಬಿಡಿ ಎಲ್ಲ ಸೇರಿಸಿ, ತಮ್ಮ ತಪ್ಪನ್ನು ತಾವೇ ಕಣ್ಣಾರೆ ಕಂಡಿದ್ದರು.

"ನೀವು ಒರೆಸ್ಲೇ ಇಲ್ಲ ಚಿಕ್ಕಪ್ಪ. ಮುಚ್ಚಳ ಹಾಕಿ ಸ್ಕ್ರೂ ತಿರುಗಿಸಿದ್ರಿ, ಅಷ್ಟೇ. ಆ ಮಾತು ನಾನು ಹುಟ್ಟಿಸಿದ್ದು. ದೇವರಾಣೆ."

"ಆಣೆಗೀಣೆ ಇಡ್ಬೇಡ." ಈಗ ಅವರು ನಗುತ್ತಿರಲಿಲ್ಲ. "ನನ್ನ ಕೈ ಮಾಡಿದ್ದು ನಂಗೆ ಗೊತ್ತಿಲ್ವಾ?" ಆರಿಸಿದ ಟಿವಿಯ ಕಡೆ ನೋಡಿದರು. ಆಮೇಲೆ ದನಿ ಇಳಿಸಿ, ನನ್ನನ್ನಲ್ಲ, ಬೇರೆ ಯಾರನ್ನೋ ಕೇಳುವ ಹಾಗೆ ಕೇಳಿದರು: "ನಾನು ಕೆಡಿಸಿದ್ದಲ್ಲ ಅಂತಾದ್ರೆ, ಮತ್ತೆ ನಾನ್ಯಾಕೆ ಬಿಟ್ಟೆ?"

ಇನ್ನೊಮ್ಮೆ ಹೇಳಿದ್ದರೆ, ಮತ್ತೊಮ್ಮೆ ಹೇಳಿದ್ದರೆ ಅವರು ನಂಬುತ್ತಿದ್ದರೇನೋ. ನಂಬಿದರೆ ಆ ಬೀಗದ ಕೈಗಳ ಮೂವತ್ತು ವರ್ಷವನ್ನು ಈ ವಯಸ್ಸಿನಲ್ಲಿ ಎಲ್ಲಿ ಇಟ್ಟುಕೊಳ್ಳುತ್ತಾರೆ? ಹೀಗೆ ಯೋಚಿಸಿದ್ದು ಅವರ ಮೇಲಿನ ಕನಿಕರಕ್ಕೋ, ಹೇಳಿದ್ದೇನೆ, ಇನ್ನು ನನ್ನ ಕೆಲಸ ಮುಗಿಯಿತು ಎಂಬ ನನ್ನ ಹಳೆಯ ಬುದ್ಧಿಗೋ ನನಗೆ ತಿಳಿಯದು. ಮತ್ತೆ ಹೇಳಲಿಲ್ಲ.

"ಕೂಸು ನೀನು ಆವಾಗ" ಎಂದರು ಚಿಕ್ಕಪ್ಪ, ನನ್ನ ತಲೆಯ ಮೇಲೆ ಕೈಯಿಟ್ಟು. "ಒಳ್ಳೆ ಮನಸ್ಸು ನಿಂದು, ಮೊದಲಿಂದ್ಲೂ. ಹೋಗು, ಒಲೆ ಹಚ್ಚು."

ಒಲೆ ಹಚ್ಚಿದೆ. ಅಕ್ಕಿರೊಟ್ಟಿ ತಟ್ಟಿದೆ, ಬದನೆಕಾಯಿ ಸುಟ್ಟು ಗೊಜ್ಜು ಮಾಡಿದೆ, ಮಧ್ಯಾಹ್ನದ ಹುರುಳಿ ಸಾರು ಬಿಸಿ ಮಾಡಿದೆ. ನನ್ನ ಗಂಡ ನಾಲ್ಕು ರೊಟ್ಟಿ ತಿಂದರು, ಚಿಕ್ಕಪ್ಪ ಎರಡು. ಗೊಜ್ಜು ಚೆನ್ನಾಗಿದೆಯೆಂದು ಬಟ್ಟಲನ್ನು ಬೆರಳಿನಿಂದ ಬಳಿದರು. ನಾನು ಒಂದು ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿಕೊಂಡು, ಅರ್ಧ ತಿಂದು ಎದ್ದೆ. ನಡುವಿನ ಕೋಣೆಯಲ್ಲಿ ಅವರಿಗೆ ಹಾಸಿಗೆ ಹಾಸಿ, ಕಣ್ಣಿಗೆ ಡಾಕ್ಟರು ಕೊಟ್ಟ ಹನಿ ಬಿಟ್ಟೆ. ಎರಡೂ ಕಣ್ಣು ಮುಚ್ಚಿಕೊಂಡು ಹಾಗೇ ಮಲಗಿದರು. ನಾನು ಹನಿಯ ಬಾಟಲಿಗೆ ಮುಚ್ಚಳ ತಿರುಗಿಸುವಷ್ಟರಲ್ಲಿ ಸಣ್ಣಗೆ ಗೊರಕೆ ಕೇಳಿತು. ಅವರೇ ಮೊದಲು ನಿದ್ದೆ ಹೋದರು.